ಗಂಗಾವತಿಯಿಂದ ತಂದ ಬಲ್ಬು

ಬಲ್ಬು ಸುಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಹುಸೇನಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಒಳಗಿನ ತಂತಿ ಕಡಿದಿದ್ದರೆ ಒಣಗಿದ ಕಾಯಿಯೊಳಗೆ ಬೀಜ ಆಡಿದಂಥ ಸಣ್ಣ ಸದ್ದು ಬರುತ್ತದೆ. ಆ ಬೇಸಿಗೆಯ ಒಂದು ಸಂಜೆ ಯಲಬುರ್ಗಾ ದಾಟಿದ ಮೇಲೆ ಕಾರಿನ ಮುಂದಿನ ಎರಡೂ ದೀಪ ಒಟ್ಟಿಗೆ ಹೋದಾಗ, ಅವನು ಕೆಳಗಿಳಿದು ಎರಡೂ ಬಲ್ಬು ಬಿಚ್ಚಿ ಒಂದೊಂದಾಗಿ ಕಿವಿಗೆ ಹಿಡಿದ. ಎರಡರಲ್ಲೂ ಸದ್ದು ಬಂತು. ಅವನಿಗೆ ಬೇಸರವಾಗಬೇಕಾಗಿತ್ತು. ಆದರೆ ಆದದ್ದು ಸಮಾಧಾನ.

ಕೆಲವು ವಾರಗಳಿಂದ ಹೊತ್ತು ಮುಳುಗಿದ ಮೇಲೆ ರಸ್ತೆ ಅವನಿಗೆ ಮಬ್ಬಾಗಿ ಕಾಣುತ್ತಿತ್ತು. ಅಂಚಿನ ಕಲ್ಲು, ತಗ್ಗು, ಜಾಲಿಯ ಗಿಡ ಎಲ್ಲವೂ ಒಂದೇ ಬೂದಿಯಲ್ಲಿ ಕಲಸಿದಂತಾಗುತ್ತಿದ್ದವು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುವುದೇ ಬೇಡವಾಯಿತು. ಬಲ್ಬುಗಳು ಸಾಯುತ್ತ ಬಂದಿದ್ದವು, ಅದಕ್ಕೇ ಹಾಗೆ.

ಕಾರು ಕುಷ್ಟಗಿಯ ಅರಳೆ ವ್ಯಾಪಾರಿ ವಿರುಪಣ್ಣನದು. ಅಮೆರಿಕದಿಂದ ಬಂದ ಹಳೆಯ ಗಾಡಿ, ಬಾಡಿಗೆಗೆ ಓಡುತ್ತಿತ್ತು. ಬೆಳಿಗ್ಗೆ ಕುಷ್ಟಗಿಯಿಂದ ಯಲಬುರ್ಗಾ, ತಳಕಲ್ ಮೇಲೆ ಹಾದು ಕೊಪ್ಪಳದ ಸ್ಟೇಷನ್ನಿಗೆ ಹೋಗುವುದು. ಸಂಜೆ ರೈಲು ಇಳಿದವರನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ತಿರುಗಿ ಬರುವುದು. ಗಾಡಿ ಹೊಸದಾಗಿ ಬಂದ ದಿನದಿಂದ ಅದರ ಸ್ಟೇರಿಂಗು ಹಿಡಿದವನು ಹುಸೇನಪ್ಪ ಒಬ್ಬನೇ. ಅದಕ್ಕೆ ಮುಂಚೆ ಅವನು ವಿರುಪಣ್ಣನ ತಂದೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ. ಪಕ್ಕದ ಸೀಟಿನಲ್ಲಿ ಕೂರುವವನು ಮರ್ದಾನಸಾಬ. ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸುವುದು, ನೀರು ಹಾಕುವುದು, ಸಾಮಾನು ಕಟ್ಟುವುದು ಅವನ ಕೆಲಸ. ಎರಡು ಮಕ್ಕಳ ತಂದೆ. ಡ್ರೈವರಿಕೆಯ ಲೈಸನ್ಸನ್ನೂ ರಾಯಚೂರಿಗೆ ಹೋಗಿ ಪಾಸು ಮಾಡಿಕೊಂಡು ಬಂದಿದ್ದ. ಹುಸೇನಪ್ಪ ಯಾವತ್ತು ಇಳಿಯುತ್ತಾನೋ ಅವತ್ತು ಆ ಸೀಟು ಮರ್ದಾನಸಾಬನದು. ಮೂವರಿಗೂ ಇದು ಗೊತ್ತಿತ್ತು. ಮೂವರೂ ಬಾಯಿಬಿಟ್ಟು ಆಡಿರಲಿಲ್ಲ.

ಯುದ್ಧದ ಕಾಲ. ಹೊಸ ಕಾರೂ ಇಲ್ಲ, ಹಳೆಯದಕ್ಕೆ ಸಾಮಾನೂ ಇಲ್ಲ. ಕೊಪ್ಪಳದ ಸೈಕಲ್ ಅಂಗಡಿಯವನು ಒಂದು ಹಳೆಯ ಡಬ್ಬಿಯಿಂದ ಎರಡು ಬಲ್ಬು ಹೆಕ್ಕಿ ಕೊಟ್ಟ. "ಬುಡ ಕುಂತರ ಆತಲ್ರಿ, ಇನ್ನೇನ್ ಬೇಕು?" ಎಂದ. ಬುಡವೇನೋ ಕುಳಿತುಕೊಂಡಿತು. ಸಂಜೆ ಸ್ವಿಚ್ಚು ತಿರುವಿದರೆ ಎರಡೂ ಕೆಂಪಗೆ ಕನಲಿ ಅಲ್ಲಿಗೇ ನಿಂತವು. ಅವು ಹನ್ನೆರಡು ವೋಲ್ಟಿನವು, ಯಾವುದೋ ವಿಲಾಯಿತಿ ಗಾಡಿಯವು. ಈ ಕಾರಿನ ಬ್ಯಾಟರಿ ಆರು ವೋಲ್ಟಿನದು.

ಹಿಂದೆ ಕುಳಿತ ಬಳೆಗಾರನೊಬ್ಬ ಕೇಳಿದ: "ಹುಸೇನಪ್ಪಾ, ಮುಂದ ಇಬ್ಬರನ್ನ ಬೀಡಿ ಹಚ್ಚಿಕೊಂಡು ಓಡಾಕ ಬಿಟ್ಟೀಯೇನೋ?"

"ಸೇದಿ ಮುಗಿಯೂದ್ರಾಗ ನಿನ್ನ ಮನಿ ಮುಟ್ಟಿಸ್ತೀನಿ, ಸುಮ್ನ ಕುಂದ್ರು," ಎಂದ ಹುಸೇನಪ್ಪ.

ಎಲ್ಲರೂ ನಕ್ಕರು. ಅವನೂ ನಕ್ಕ. ಕತ್ತಲಿನಲ್ಲಿ ತಡವರಿಸುತ್ತ ಗಾಡಿ ಹೊಡೆಯಲು ಅವನಿಗೆ ಈಗ ಎಲ್ಲರೂ ಒಪ್ಪುವ ಒಂದು ಕಾರಣ ಸಿಕ್ಕಿತ್ತು.

ಎರಡನೆಯ ಜೋಡಿ ಗದಗಿನಿಂದ ಬಂತು. ಗದಗು ಇಂಗ್ರೇಜಿ ಸರಕಾರದ ಸೀಮೆ. ನಡುವೆ ನಿಜಾಮರ ಸುಂಕದ ನಾಕೆ. ಬಲ್ಬು ತರಲು ಹೋಗಿದ್ದ ಮರ್ದಾನಸಾಬ ಅವನ್ನು ರೊಟ್ಟಿಯ ಗಂಟಿನೊಳಗೆ ಸುತ್ತಿಕೊಂಡು ಬಂದಿದ್ದ. ನಾಕೆಯ ಜವಾನ ಗಂಟು ಒತ್ತಿ ನೋಡಿ, "ಗಟ್ಟಿ ಐತಲ್ಲೋ, ಏನಿದು?" ಎಂದನಂತೆ.

"ಏನಂದಿ?" ಎಂದು ಹುಸೇನಪ್ಪ ಕೇಳಿದ.

"ನಮ್ಮ ಮನ್ಯಾಕಿ ಮಾಡಿದ ರೊಟ್ಟಿ ಹಂಗ ಇರ್ತಾವ ಸಾಹೇಬ್ರ, ಒಂದು ತಿಂದು ನೋಡ್ರಿ ಅಂದೆ. ನಡಿ ನಡಿ ಅಂದ."

ಆದರೆ ಆ ಬಲ್ಬುಗಳ ಬುಡದಲ್ಲಿ ಸೀಸದ ಒಂದೇ ಬೊಟ್ಟು ಇತ್ತು. ಇವರ ಕಾರಿಗೆ ಬೇಕಾದದ್ದು ಎರಡು ಬೊಟ್ಟಿನದು. ಒಳಗೆ ಕೂತರೂ ಅವು ಬೆಳಗಲೇ ಇಲ್ಲ. ಮತ್ತೆ ಹನ್ನೆರಡು ವೋಲ್ಟಿನವನ್ನೇ ಹಾಕಿಕೊಂಡರು.

ಅದೂ ಸಾಲದೆಂದು ಹುಸೇನಪ್ಪ ದೀಪದ ಹಿಂದಿನ ಕನ್ನಡಿ ಬಟ್ಟಲುಗಳನ್ನು ಬಿಚ್ಚಿ ಕಿನ್ನಾಳಕ್ಕೆ ಒಯ್ದ. ಹೊಳಪು ಸತ್ತು ಅವು ಮಾಸಿದ್ದವು. ದೇವರ ಮಂಟಪಕ್ಕೆ, ಗೊಂಬೆಗಳ ಒಡವೆಗೆ ತವರ ಅರೆದು ಬೆಳ್ಳಿಯಂತೆ ಬಳಿಯುವ ಚಿತ್ರಗಾರನಿಗೆ ಇದೇನು ದೊಡ್ಡ ಕೆಲಸ? ಅವನು ಸಂತೋಷದಿಂದಲೇ ಬಳಿದುಕೊಟ್ಟ. ಬೆಳ್ಳಿ ಥಳಥಳಿಸಿತು. ಆದರೆ ಬಣ್ಣದ ಮೇಲೆ ಎಣ್ಣೆಯ ಪದರ ಕೊಡುವುದು ಅವರ ಮನೆತನದ ಪದ್ಧತಿ. ಕೊಡದಿದ್ದರೆ ಕೆಲಸ ಮುಗಿಯಲಿಲ್ಲ ಎಂದರ್ಥ. ಎಣ್ಣೆ ಒಣಗುತ್ತ ಬೆಳ್ಳಿ ಬಂಗಾರವಾಯಿತು. ಅವತ್ತಿನ ಸಂಜೆ ಕೆಂಪು ದೀಪ ಅರಿಸಿನದ ದೀಪವಾಗಿ ಉರಿಯಿತು.

"ಗರುಡನ ಕಣ್ಣು ಆದವು ನೋಡ್ರಿ," ಎಂದು ಮರ್ದಾನಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ಭಾನುವಾರವಿಡೀ ಇಬ್ಬರೂ ಕೂತು ಬೂದಿ, ಹುಣಿಸೆ ಹಚ್ಚಿ ಆ ಬಂಗಾರವನ್ನು ತಿಕ್ಕಿ ತೆಗೆದರು. ಅಡಿಯ ಮಾಸಲು ಕೂಡ ಅದರ ಜೊತೆಗೇ ಹೋಗಿ ಬಟ್ಟಲುಗಳು ಬೆಳ್ಳಗಾದದ್ದು ಅದೃಷ್ಟ.

ಈ ದಿನಗಳಲ್ಲಿ ಮನೆಯಲ್ಲಿ ಒಂದು ಸಣ್ಣ ಬದಲಾವಣೆಯಾಗಿತ್ತು. ಹೆಂಡತಿ ಪಕ್ಕೀರವ್ವ ದಿನ ಬಿಟ್ಟು ದಿನ ನುಗ್ಗೆಸೊಪ್ಪಿನ ತಪ್ಪಲ ಪಲ್ಯ ಮಾಡುತ್ತಿದ್ದಳು. ಸಂತೆಯ ದಿನ ಎಲ್ಲಿಂದಲೋ ಕುರಿಯ ಯಕೃತ್ತು, ಕಲೀಜಿ, ತಂದು ಕೆಂಡದ ಮೇಲೆ ಸುಟ್ಟು, ತಾನು ಒಂದು ಚೂರೂ ಮುಟ್ಟದೆ, ಅವನ ತಟ್ಟೆಗೆ ಹಾಕುತ್ತಿದ್ದಳು. ಇರುಳುಗಣ್ಣು ಬಂದವರಿಗೆ ಏನು ತಿನ್ನಿಸುತ್ತಾರೆಂಬುದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಹುಸೇನಪ್ಪ ತಟ್ಟೆಯನ್ನು ನೋಡುತ್ತಿದ್ದ, ತಿನ್ನುತ್ತಿದ್ದ, ಕೈ ತೊಳೆಯುತ್ತಿದ್ದ. "ಯಾಕ ದಿನಾ ಇದ?" ಎಂದು ಕೇಳಿದ್ದರೆ ಅವಳು ಉತ್ತರ ಹೇಳಬೇಕಾಗುತ್ತಿತ್ತು. ಅವನು ಕೇಳಲಿಲ್ಲ.

ವಿರುಪಣ್ಣನೂ ಒಮ್ಮೆ ಮಾತು ಎತ್ತಿದ. ಅರಳೆಯ ಅಂಡಿಗೆಗಳ ನಡುವೆ ಕೂತು, ಹುಸೇನಪ್ಪನ ಮುಖ ನೋಡದೆ, "ಬಲ್ಬು ಸಿಗೋತನಕ ಸಂಜಿ ಗಾಡಿ ಮರ್ದಾನಸಾಬ ಹೊಡೀಲಿ ಬಿಡು," ಎಂದ.

"ಬೆಳಕು ಇಲ್ಲದ ಗಾಡಿ ಯಾರು ಹೊಡದ್ರೂ ಅಷ್ಟ ಅಲ್ರಿ?"

"ಅದೂ ಖರೇನ." ವಿರುಪಣ್ಣ ಒಂದು ಅರಳೆಯ ಎಳೆಯನ್ನು ಬೆರಳಲ್ಲಿ ಹೊಸೆಯುತ್ತ ಕೂತ. "ಬಲ್ಬು ಸಿಕ್ಕ ಮ್ಯಾಲೆ..." ಎಂದವನು ಮಾತು ಅಲ್ಲಿಗೇ ಬಿಟ್ಟ.

"ಸಿಕ್ಕ ಮ್ಯಾಲೆ ಎಲ್ಲಾ ಸುದ್ದ ಆಗ್ತೈತ್ರಿ," ಎಂದ ಹುಸೇನಪ್ಪ.

ಹುಸೇನಪ್ಪನಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಮರ್ದಾನಸಾಬನ ಮೇಲೆ. ಅವನು ಸಂಜೆಯ ದಾರಿಯುದ್ದಕ್ಕೂ ಬಾಯಿ ಮುಚ್ಚುತ್ತಿರಲಿಲ್ಲ. "ಅಣ್ಣಾ, ಎಡಕ್ಕ ಆ ಕುರಿ ಹಿಂಡು ನೋಡ್ರಿ, ಎಷ್ಟು ಛಲೋ ಮೇಯ್ದಾವ!" "ಈ ತಿರುವಿನ್ಯಾಗ ಹೋದ ವರ್ಷ ಹೊಳಿಯಪ್ಪನ ಬಂಡಿ ಬಿದ್ದಿತ್ತಲ್ರಿ, ಇಲ್ಲೇ, ಈಗ ಬಂತು ನೋಡ್ರಿ." "ಅಯ್ಯ, ಅಲ್ಲೊಬ್ಬಾಕಿ ಹುಲ್ಲಿನ ಹೊರಿ ಹೊತ್ಕೊಂಡು ರಸ್ತೆದ ನಡುವ ಹೊಂಟಾಳಲ್ಲ, ಎಂಥಾ ಧೈರ್ಯಾ!" ತನಗೂ ಗಾಡಿ ಬರುತ್ತದೆ, ತನಗೂ ರಸ್ತೆ ಗೊತ್ತು ಎಂದು ಹಿಂದಿನ ಸೀಟಿನವರಿಗೆ ತೋರಿಸಿಕೊಳ್ಳುತ್ತಿದ್ದಾನೆ ಎಂದು ಹುಸೇನಪ್ಪ ತಿಳಿದಿದ್ದ. ಸೀಟಿನ ಆಸೆ ಮನುಷ್ಯನ ಬಾಯಿಗೆ ಬಂದಿದೆ ಎಂದುಕೊಂಡಿದ್ದ. ತಿಳಿದರೂ ಏನೂ ಅನ್ನಲಿಲ್ಲ. ಆ ಮಾತುಗಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯ ಹತ್ತಿರ ಅವನು ಹೋಗಲೇ ಇಲ್ಲ.

ಸರಿಯಾದ ಬಲ್ಬಿನ ಸುಳಿವು ಕೊಟ್ಟದ್ದು ಅಕ್ಕಿಯ ಲಾರಿಯವನು. ಇದೇ ಮಾಡಲಿನ ಇನ್ನೊಂದು ಕಾರು ಗಂಗಾವತಿಯಲ್ಲಿತ್ತು; ಸರಕಾರಿ ಗುತ್ತೇದಾರರೊಬ್ಬರದು. ಅವರು ತೀರಿಕೊಂಡು ಬಹಳ ದಿನವಾಗಿತ್ತು. ಕಾರು ಕೊಟ್ಟಿಗೆಯಲ್ಲಿ ನಿಂತಿದೆ, ಅವರ ಹೆಂಡತಿ ಶಹನಾಜಬೇಗಂ ಅದನ್ನು ಮಾರಿಲ್ಲ.

ಒಂದು ಅಮಾವಾಸ್ಯೆಯ ರಜೆಯಲ್ಲಿ ಇಬ್ಬರೂ ಬೆಳಿಗ್ಗೆಯೇ ಹೊರಟು, ತಾವರಗೇರಾ ಮೇಲೆ ಹಾಯ್ದು ಗಂಗಾವತಿ ಸೇರಿದರು. ಹಗಲಿನ ರಸ್ತೆಯಲ್ಲಿ ಹುಸೇನಪ್ಪ ಮೊದಲಿನ ಹುಸೇನಪ್ಪನೇ ಆಗಿದ್ದ. ದೂರದ ಹೊಲದಲ್ಲಿ ಎದ್ದ ಮೊಲವನ್ನೂ ಅವನೇ ಮೊದಲು ತೋರಿಸಿದ. ಮರ್ದಾನಸಾಬ ಕಿಟಕಿಗೆ ತಲೆಕೊಟ್ಟು ನಿದ್ದೆ ಹೋದ.

ಕೊಟ್ಟಿಗೆಯ ಕಾರಿನ ಮೇಲೆ ಕೋಳಿಗಳು ಕೂತಿದ್ದವು. ಬೇಗಂ ಕೊಟ್ಟಿಗೆಯಿಂದ ಮನೆಯೊಳಗೆ ಹೋಗುವ ಬಾಗಿಲಿನ ಪರದೆಯ ಹಿಂದೆ ನಿಂತು ಮಾತಾಡಿದರು. ಧ್ವನಿ ವಯಸ್ಸಾದವರದು.

"ಬಲ್ಬು ಅಷ್ಟ ಬೇಕೇನ್ರಿ? ಗಾಡಿ ಕೇಳಾಕ ಬಂದೀರಿ ಅಂದ್ಕೊಂಡಿದ್ದೆ."

"ಗಾಡಿ ಐತ್ರಿ ಅಮ್ಮಾ. ಅದರ ಕಣ್ಣು ಹೋಗ್ಯಾವ."

"ತಗೊಂಡು ಹೋಗ್ರಿ. ಇದಕ್ಕ ಕಣ್ಣಿದ್ರೂ ನೋಡೂದು ಗ್ವಾಡೀನ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಒಂದ ಮಾತು. ಹಾಕಿದ ಮ್ಯಾಲೆ ಇಲ್ಲೇ ಒಮ್ಮಿ ಹಚ್ಚಿ ತೋರಸ್ರಿ. ಅವರು ಮನಿಗೆ ಬಂದ್ರ ಈ ಪಡದೆದ ಮ್ಯಾಲೆ ಬೆಳಕು ಬೀಳ್ತಿತ್ತು."

ಹುಸೇನಪ್ಪ ಬಲ್ಬುಗಳನ್ನು ಬಿಚ್ಚಿ ಕಿವಿಗೆ ಹಿಡಿದ. ಸದ್ದಿಲ್ಲ. ಬುಡದಲ್ಲಿ ಎರಡು ಬೊಟ್ಟು. ತನ್ನ ಕಾರಿಗೆ ಕೂರಿಸಿ, ಗಾಡಿಯನ್ನು ಪರದೆಯ ಕಡೆ ಮುಖ ಮಾಡಿ ಕೊಟ್ಟಿಗೆಯೊಳಗೆ ಸರಿಸಿದ. ಮರ್ದಾನಸಾಬ ಕತ್ತಲಾಗಲೆಂದು ಕೊಟ್ಟಿಗೆಯ ಹೊರಬಾಗಿಲು ಮುಚ್ಚಿದ. ಸ್ವಿಚ್ಚು ತಿರುವಿದಾಗ ಬೆಳಕು ಹಾಲಿನಂತೆ ಪರದೆಯ ಮೇಲೆ ಬಿತ್ತು. ಕೋಳಿಗಳು ಗಾಬರಿಯಾಗಿ ಕೂಗಿದವು. ಅವು ಕೂಗಿ ದಣಿದ ಮೇಲೆ ಪರದೆಯ ಹಿಂದಿನಿಂದ, "ಸಾಕ್ರಿ, ಆರಿಸ್ರಿ," ಎಂದಷ್ಟೇ ಕೇಳಿಸಿತು.

ಆ ಬಿಳಿ ಬೆಳಕನ್ನು ಹುಸೇನಪ್ಪ ತನ್ನ ಕಣ್ಣಾರೆ ಕಂಡಿದ್ದ. ತಂತಿಯ ಸುರುಳಿಯನ್ನು ಕೂಡ ಕಂಡಿದ್ದ. ತಿರುಗಿ ಬರುವಾಗ ಅವನು ಹಾಡು ಗುನುಗಿದ. ಕುಷ್ಟಗಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮನೆಯಲ್ಲಿ ಪಕ್ಕೀರವ್ವನಿಗೆ, "ನಾಳಿಂದ ಆ ತಪ್ಪಲ ಸಾಕು," ಎಂದ. ಅವಳು ಏನೋ ಹೇಳಲು ಹೊರಟು, "ಹೂಂ," ಎಂದಳು.

ಮಾರನೆಯ ಸಂಜೆ ಕೊಪ್ಪಳದಲ್ಲಿ ರೈಲು ತಡವಾಗಿ ಬಂತು. ಯಲಬುರ್ಗಾಕ್ಕೆ ಹೋಗುವ ಹಂಪವ್ವ ಎಂಬ ಮುದುಕಿ, ಬಾಣಂತನ ಮುಗಿಸಿಕೊಂಡು ತವರಿನಿಂದ ಬರುತ್ತಿದ್ದ ಅವಳ ಸೊಸೆ ಯಮನೂರಮ್ಮ, ಅವಳ ತೋಳಿನಲ್ಲಿ ಕೂಸು, ಇವರ ಜೊತೆಗೆ ಅದೇ ಬಳೆಗಾರ. ತಳಕಲ್ ದಾಟುವ ಹೊತ್ತಿಗೆ ಪಡುವಣದ ಕೆಂಪು ಆರಿತ್ತು. ಹುಸೇನಪ್ಪ ಸ್ವಿಚ್ಚು ತಿರುವಿದ. ಹಂಪವ್ವ ಹಿಂದಿನಿಂದ, "ಶಿವನೇ," ಎಂದು ಕೈಮುಗಿದಳು. "ಹಗಲ ಆತಲ್ಲೋ ಯಪ್ಪಾ!"

"ಇನ್ನ ಬೀಡಿಯವರಿಗೆ ಕೆಲಸಿಲ್ಲ ಬಿಡು," ಎಂದ ಬಳೆಗಾರ.

ಹುಸೇನಪ್ಪನ ಕಣ್ಣ ಮುಂದೆ ಎರಡು ಬಿಳಿಯ ಹೊಗೆಯಂಥ ಪಟ್ಟೆಗಳು ಎದ್ದು, ಸ್ವಲ್ಪ ದೂರ ಹೋಗಿ, ಎಲ್ಲಿಯೋ ಕರಗಿದವು. ಅವನು ಕಣ್ಣು ಉಜ್ಜಿಕೊಂಡ. ಗಾಜಿಗೆ ಧೂಳು ಕೂತಿರಬೇಕು ಎಂದುಕೊಂಡ.

"ಮುಂದ ಹಳ್ಳದ ಇಳಕಲು ಬಂತಲ್ರಿ ಅಣ್ಣಾ," ಎಂದು ಮರ್ದಾನಸಾಬ ಶುರು ಮಾಡಿದ. "ಬಲಕ್ಕ ದಂಡಿ ಕುಸದೈತಿ ನೋಡ್ರಿ, ಈ ಸರಕಾರದಾವ್ರು ಯಾವಾಗ ಹಾಕಿಸ್ತಾರೋ ಏನೋ. ಅಲ್ಲಿ ಯಾರೋ ಆಡು ಬಿಟ್ಕೊಂಡು ಹೊಂಟಾರ, ಎಡಕ್ಕ, ಎಡಕ್ಕ..."

ಹುಸೇನಪ್ಪನ ಕೈ ಸ್ಟೇರಿಂಗನ್ನು ಆ ಮಾತಿನ ಹಿಂದೆ ಹಿಂದೆಯೇ ತಿರುಗಿಸುತ್ತಿತ್ತು. ಅದನ್ನು ಅವನು ಆಗ ಗಮನಿಸಿದ. ಕೈ ಕಣ್ಣಿನ ಮಾತು ಕೇಳುತ್ತಿರಲಿಲ್ಲ, ಕಿವಿಯ ಮಾತು ಕೇಳುತ್ತಿತ್ತು. ಹೋದ ಬೇಸಿಗೆಯಲ್ಲಿ ಈ ಮನುಷ್ಯ ಹೀಗೆ ಮಾತಾಡುತ್ತಿದ್ದನೇ? ಇಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದ ಮನುಷ್ಯ. ಬೆಳಿಗ್ಗೆಯ ದಾರಿಯಲ್ಲಿ ಇವತ್ತಿಗೂ ಹಾಗೆಯೇ. ಬಲ್ಬು ಕೆಟ್ಟಿದೆ ಎಂದು ಮಾತಾಡುತ್ತಿದ್ದನೆಂದರೆ, ಇವತ್ತು ಬಲ್ಬು ಸರಿಯಾಗಿದೆ. ಎಲ್ಲರಿಗೂ ಹಗಲಾಗಿದೆ. ಇವನು ಯಾಕೆ ನಿಲ್ಲಿಸಲಿಲ್ಲ?

"ಮರ್ದಾನ," ಎಂದ. "ಬಾಯಿ ಮುಚ್ಚು ಒಂದೀಟು."

"ಅಣ್ಣಾ..."

"ಮುಚ್ಚು ಅಂದೆ. ಬೆಳಕೈತಿ. ನನಗ ಕಾಣ್ತೈತಿ."

ಮರ್ದಾನಸಾಬ ಸುಮ್ಮನಾದ. ಇಂಜಿನ್ನಿನ ಸದ್ದು, ಕೂಸಿನ ಉಸಿರು, ಬಳೆಯ ಗಂಟಿನ ಕಿಣಿಕಿಣಿ. ಹುಸೇನಪ್ಪ ಮುಂದಕ್ಕೆ ಬಾಗಿ ನೋಡಿದ. ರಸ್ತೆ ಅವನ ನೆನಪಿನಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ಸ್ವಲ್ಪ ಹೊತ್ತು ಅದನ್ನು ನೋಡುತ್ತಿದ್ದೇನೆಂದೇ ಅವನಿಗೆ ಅನ್ನಿಸಿತು. ಇಲ್ಲಿ ಬೇವಿನ ಗಿಡ, ಇಲ್ಲಿ ಮೈಲಿಗಲ್ಲು, ಇಲ್ಲಿ ಸ್ವಲ್ಪ ಏರು. ಆಮೇಲೆ ಎಲ್ಲಿಂದಲೋ ಎತ್ತಿನ ಕೊರಳ ಗಂಟೆ ಕೇಳಿತು. ಗಂಟೆ ನೆನಪಿನಲ್ಲಿ ಇರಲಿಲ್ಲ. ಅದು ದೂರವೋ ಹತ್ತಿರವೋ, ಎಡವೋ ಬಲವೋ ತಿಳಿಯಲಿಲ್ಲ. ಬೆಳಕಿನ ಹೊಗೆಯಲ್ಲಿ ಅವನಿಗೆ ಏನೂ ಕಾಣಲಿಲ್ಲ. ಕಾಲು ಬ್ರೇಕಿನ ಮೇಲೆ ಬಿತ್ತು. ಎಡಗೈ ಹ್ಯಾಂಡ್ ಬ್ರೇಕಿಗೆ ಹೋಯಿತು. ಅಲ್ಲಿ ಆಗಲೇ ಇನ್ನೊಂದು ಕೈ ಇತ್ತು. ಬೆವರಿದ, ಬಿಗಿಯಾಗಿ ಹಿಡಿದ ಕೈ.

ಗಾಡಿ ಜಾರಿ ನಿಂತಿತು. ಕೂಸು ಎದ್ದು ಅತ್ತಿತು.

"ಯಾರದಪ್ಪೋ ಅದು!" ಮುಂದಿನಿಂದ ಒಬ್ಬ ಕೂಗಿದ. ಧ್ವನಿ ತೀರ ಹತ್ತಿರದಲ್ಲಿತ್ತು. "ಕಣ್ಣಾಗ ಬೆಳಕು ಚುಚ್ಚತೈತಿ! ಬಂಡಿ ಕಾಣೂದಿಲ್ಲೇನು? ಇಷ್ಟ ದೀಪಾ ಹಚ್ಚಿಕೊಂಡು ಮೈಮ್ಯಾಲ ಬರ್ತೀರಲ್ಲ!"

ಇಬ್ಬರ ಕೈಗಳೂ ಬ್ರೇಕಿನ ಮೇಲೆಯೇ ಇದ್ದವು. ಮರ್ದಾನಸಾಬ ಬಾಯಿ ತೆರೆಯಲಿಲ್ಲ. ಅವನು ಈಗ ಏನು ಹೇಳಿದರೂ ಹುಸೇನಪ್ಪನಿಗೆ ಒಂದು ದಾರಿ ಸಿಗುತ್ತಿತ್ತು: ಬ್ರೇಕು ಹಿಡಿಯಲಿಲ್ಲ, ಎತ್ತು ಅಡ್ಡ ಬಂದವು, ಏನಾದರೂ. ಹಿಂದಿನವರು ಅದನ್ನು ನಂಬುತ್ತಿದ್ದರು. ಹುಸೇನಪ್ಪ ಕಾದ. ಆಮೇಲೆ ತಾನು ಕಾಯುತ್ತಿರುವುದು ಏತಕ್ಕೆಂದು ಅವನಿಗೇ ತಿಳಿಯಿತು.

"ಯಾಕ ನಿಂತೀಯೋ ಯಪ್ಪಾ?" ಎಂದಳು ಹಂಪವ್ವ.

"ನನಗ ಕಾಣವಲ್ದು ಯವ್ವಾ."

"ಇಷ್ಟ ಬೆಳಕಿನ್ಯಾಗ?"

"ಇಷ್ಟ ಬೆಳಕಿನ್ಯಾಗೂ."

ಯಮನೂರಮ್ಮ ಕೂಸನ್ನು ಎದೆಗೆ ಅವಚಿಕೊಂಡದ್ದು ಸೀರೆಯ ಸದ್ದಿನಿಂದ ತಿಳಿಯಿತು. ಹುಸೇನಪ್ಪ ಇಳಿದು, ಗಾಡಿಯ ಮೂತಿಯನ್ನು ಕೈಯಿಂದ ಸವರುತ್ತ, ಬೆಳಕಿನ ಎದುರಿಗೆ ಹಾದು ಆ ಕಡೆಗೆ ಬಂದ. ಮರ್ದಾನಸಾಬ ಇನ್ನೂ ಕೂತೇ ಇದ್ದ.

"ಸರಿ ಆ ಕಡೆ."

"ಅಣ್ಣಾ, ಯಲಬುರ್ಗಾ ಇನ್ನ ಸ್ವಲ್ಪ ದೂರ ಐತಿ. ನಾ ಮಾತಾಡ್ಕೋಂತ..."

"ಎಷ್ಟು ದಿನಾ ಮಾತಾಡ್ತಿ? ನಿನ್ನ ಗಂಟಲಾದ್ರೂ ಏನಾಗಬೇಕು?" ಹುಸೇನಪ್ಪ ಬಾಗಿಲು ಹಿಡಿದು ನಿಂತ. "ಸೀಟಿಗಾಗಿ ಮಾತಾಡಾಕತ್ತೀಯಾ ಅಂತ ತಿಳಿದಿದ್ದೆ ನಾ."

ಮರ್ದಾನಸಾಬ ಸ್ಟೇರಿಂಗಿನ ಹಿಂದೆ ಸರಿದು ಕೂತ. ಅವನ ಕಾಲು ಉದ್ದ, ಸೀಟು ಹತ್ತಿರವಾಯಿತು. ಮೊದಲ ಗೇರು ಕರಕರ ಎಂದಿತು. ಬಂಡಿಯವನು ಬೈಯುತ್ತ ಎತ್ತುಗಳನ್ನು ಬದಿಗೆ ಸರಿಸಿದ. ಗಾಡಿ ಹಾದು ಹೋಗುವಾಗ ಹುಸೇನಪ್ಪನಿಗೆ ಎತ್ತಿನ ಮೈಯ ವಾಸನೆ ಬಂತು, ಎತ್ತು ಮಾತ್ರ ಕಾಣಲಿಲ್ಲ.

ಯಲಬುರ್ಗಾದಲ್ಲಿ ಹಂಪವ್ವನವರನ್ನು ಇಳಿಸಿ ಕುಷ್ಟಗಿ ಮುಟ್ಟಿದಾಗ ವಿರುಪಣ್ಣ ಅಂಗಡಿಯ ಮುಂದೆ ಮಂಚ ಹಾಕಿಕೊಂಡು ಕೂತಿದ್ದ. ಹೊಸ ಬಲ್ಬಿನ ಬೆಳಕು ನೋಡಲೆಂದೇ ಕಾದಿರಬೇಕು. ಗಾಡಿ ನಿಂತಿತು. ಬಲಗಡೆಯ ಬಾಗಿಲಿನಿಂದ ಮರ್ದಾನಸಾಬ ಇಳಿದದ್ದನ್ನು ಅವನು ನೋಡಿದ. ಎಡಗಡೆಯಿಂದ ಇಳಿದವನನ್ನೂ ನೋಡಿದ.

"ಬಲ್ಬು ಛಲೋ ಅದಾವ," ಎಂದ.

"ಛಲೋ ಅದಾವ್ರಿ. ಬಲ್ಬಿನ್ಯಾಗ ಏನೂ ಇಲ್ಲ." ಹುಸೇನಪ್ಪ ಧ್ವನಿ ಬಂದ ಕಡೆ ತಿರುಗಿ ನಿಂತ. "ಹೊತ್ತು ಮುಳುಗಿದ ಮ್ಯಾಲೆ ನನಗ ಕಾಣಂಗಿಲ್ರಿ ಧಣಿ. ಬಲ್ಬು ಹೋಗೂಕಿಂತ ಮೊದಲ ಶುರುವಾಗಿತ್ತು."

ವಿರುಪಣ್ಣ ಮಂಚದ ಮೇಲೆ ಸರಿದು ಕೂತ. ಈಗ ಮೂವರ ನಡುವೆ ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಏನು ತೀರ್ಮಾನಿಸುತ್ತಾನೋ ಅದನ್ನು ಕೇಳಲು ಮೂವರೂ ಅಲ್ಲಿ ಕಾದಿದ್ದರು, ತೀರ್ಮಾನಿಸಬೇಕಾದವನೂ ಸೇರಿ.

"ನಾಳೆ ಮುಂಜಾನಿ ಗಾಡಿ ಯಾರು ಒಯ್ಯೋರು?" ಎಂದು ಕೊನೆಗೆ ಕೇಳಿದ.

"ಮುಂಜಾನಿ ನಾನ ಒಯ್ತೀನ್ರಿ. ಸಂಜಿಗೆ ಅಂವ ತರ್ತಾನ."

"ಹಗಲೂ ಒಂದಿನ ಹಿಂಗಾದ್ರ?"

"ಆ ದಿನಾ ನಾನ ಹೇಳ್ತೀನಿ."

"ಹೇಳ್ತೀಯೇನು?"

"ಇವತ್ತು ಹೇಳಿದೆ ಅಲ್ರಿ."

ವಿರುಪಣ್ಣ ಎದ್ದು ಕಾರಿನ ಹತ್ತಿರ ಬಂದು, ಕಿಟಕಿಯೊಳಗೆ ಕೈ ಹಾಕಿ ತಾನೇ ದೀಪ ಆರಿಸಿದ. "ಆತು. ಮುಂಜಾನಿ ಜಲ್ದಿ ಬಾ, ಎರಡು ಅಂಡಿಗಿ ಅದಾವ ಒಯ್ಯಾಕ," ಎಂದು ಒಳಗೆ ಹೋದ.

ಓಣಿ ಕತ್ತಲಾಯಿತು. ಮರ್ದಾನಸಾಬ ತನ್ನ ತೋಳನ್ನು ಮುಂದೆ ಚಾಚಿದ. ಹುಸೇನಪ್ಪ ಅದನ್ನು ಹಿಡಿದುಕೊಂಡು ಮನೆಯ ಕಡೆ ನಡೆದ.